ಕೈಗೆ ಸಿಗದ ಹಣ

ಅಕ್ಕನ ಮಗಳಿಗೆ ಬೆಂಗಳೂರಿನಲ್ಲಿ ಕೆಲಸವಾಯಿತು. ಸೇರಿದ ವಾರವೇ ಒಂದು ರಾತ್ರಿ ಫೋನು ಮಾಡಿದಳು. "ಚಿಕ್ಕಮ್ಮ, ಎಚ್‌ಆರ್‌ನವರು ಒಂದು ಫಾರ್ಮ್ ಕಳಿಸಿದ್ದಾರೆ. ಪಿಎಫ್ 1,800 ಸಾಕಾ, ಫುಲ್ ಬೇಸಿಕ್ ಮೇಲೆ ಹಿಡಿಯಬೇಕಾ ಅಂತ ಕೇಳ್ತಾರೆ. ಎಂತ ಹಾಕುವುದು?"

ಬ್ಯಾಂಕಿನಿಂದ ನಿವೃತ್ತಳಾದ ಮೇಲೆ ನೆಂಟರೆಲ್ಲರ ಇಂಥ ಪ್ರಶ್ನೆಗಳಿಗೆ ನಾನೇ ಗತಿ. ಕಾನೂನಿನ ಪ್ರಕಾರ 15,000 ರೂಪಾಯಿಯವರೆಗಿನ ಸಂಬಳಕ್ಕೆ ಪಿಎಫ್ ಕಡ್ಡಾಯ. ಅದರ ನೂರಕ್ಕೆ ಹನ್ನೆರಡು ಅಂದರೆ 1,800. ಇವಳ ಬೇಸಿಕ್ 30,000. ಪೂರ್ತಿ ಹಿಡಿದರೆ 3,600 ಹೋಗುತ್ತದೆ. ಕಂಪನಿಯೂ ತನ್ನ ಪಾಲು ಅಷ್ಟೇ ಹಾಕಬೇಕು. ಆದರೆ ಈಗಿನ ಕಂಪನಿಗಳು ಆ ಪಾಲನ್ನೂ ಸಿಟಿಸಿಯ ಒಳಗೇ ಲೆಕ್ಕ ಹಿಡಿದಿರುತ್ತವೆ. ಹಾಗಾಗಿ ಚಿಕ್ಕ ಮೊತ್ತಕ್ಕೆ ಟಿಕ್ ಹಾಕಿದರೆ, ತೆರಿಗೆಯ ಮಾತು ಬಿಟ್ಟು, ತಿಂಗಳಿಗೆ 3,600 ಹೆಚ್ಚು.

"ಕೈಗೆ ಬರ್ತದಲ್ಲ ಚಿಕ್ಕಮ್ಮ," ಎಂದಳು.

ಅಮ್ಮನೂ ಹೀಗೇ ಹೇಳುತ್ತಿದ್ದಳು, ಇನ್ನೂ ಖಾರವಾಗಿ: "ಕೈಗೆ ಬಾರದ್ದು ಎಂತ ಹಣ?"

ಅಮ್ಮ ಬೀಡಿ ಕಟ್ಟುತ್ತಿದ್ದಳು. ಉಡುಪಿಯ ಹತ್ತಿರದ ನಮ್ಮ ಊರಿನಲ್ಲಿ ಆಗ ಬೀಡಿ ಕಟ್ಟದ ಮನೆ ಕಡಿಮೆ. ಅಪ್ಪ ಬೊಂಬಾಯಿಯ ಹೋಟೆಲಿನಲ್ಲಿದ್ದರು. ಮನಿ ಆರ್ಡರು ಬಂದ ತಿಂಗಳು ಬರುತ್ತಿತ್ತು, ಬಾರದ ತಿಂಗಳು ಇಲ್ಲ. ಒದ್ದೆ ಗೋಣಿಯಲ್ಲಿ ಸುತ್ತಿಟ್ಟ ಎಲೆ, ಅದರ ಮೇಲೆ ತಗಡಿನ ಅಳತೆ ಇಟ್ಟು ಓಡುವ ಕತ್ತರಿ, ಮಡಿಲಲ್ಲಿ ಹೊಗೆಸೊಪ್ಪಿನ ಗೆರಸೆ. ಮಾತಾಡುತ್ತಲೇ, ಬೈಯುತ್ತಲೇ, ನಮ್ಮ ಮಗ್ಗಿ ಕೇಳುತ್ತಲೇ ಅವಳ ಬೆರಳು ಸುತ್ತುತ್ತಿದ್ದವು. ನಮ್ಮೂರಿನಲ್ಲಿ ಬ್ರಾಂಚ್ ಎಂದರೆ ಬ್ಯಾಂಕಿನದ್ದಲ್ಲ, ಬೀಡಿಯದ್ದು. ಅಲ್ಲಿ ಕಟ್ಟುಗಳನ್ನು ಬಿಚ್ಚಿ ನೋಡುತ್ತಿದ್ದರು. ಸರಿಯಿಲ್ಲವೆಂದು ತೆಗೆದಿಟ್ಟದ್ದಕ್ಕೆ ಕೂಲಿ ಇಲ್ಲ, ಆ ಬೀಡಿ ವಾಪಸ್ಸೂ ಇಲ್ಲ. ಅದರ ಲೆಕ್ಕ ಕೇಳಿದ ಹೆಂಗಸಿಗೆ ಮರುದಿನ ಎಲೆ ಕಡಿಮೆ.

ಸಂಜೆ ಪಿಗ್ಮಿಯವರು ಬರುತ್ತಿದ್ದರು. ಅವರ ಹೆಸರು ಊರಿಗೆ ಗೊತ್ತಿದ್ದರೂ ಕರೆಯುವುದು ಹಾಗೆಯೇ. ಬಿಳಿ ಅಂಗಿ, ಕಂಕುಳಲ್ಲಿ ಚೀಲ, ನೋಟೆಣಿಸಲು ಹೆಬ್ಬೆರಳಿಗೆ ರಬ್ಬರಿನ ಟೋಪಿ. ನಮ್ಮ ಮನೆಯಲ್ಲಿ ಎಣಿಸುವಷ್ಟು ನೋಟು ಎಂದೂ ಸಿಗದಿದ್ದರೂ ಆ ಟೋಪಿಯನ್ನು ಅವರು ತೆಗೆದದ್ದು ನಾನು ಕಂಡಿಲ್ಲ. ಜಗಲಿಯ ಮೇಲೆ ಕೂರುತ್ತಿರಲಿಲ್ಲ. ಕೂತರೆ ಹತ್ತು ಮನೆ ತಪ್ಪುತ್ತದೆ ಎನ್ನುವರು. ಅಮ್ಮ ಎಂಟಾಣೆಯೋ ಒಂದು ರೂಪಾಯಿಯೋ ಕೊಟ್ಟರೆ ಕಾರ್ಡಿನಲ್ಲಿ ಬರೆದು, ಸಹಿ ಹಾಕಿ, ಅದನ್ನು ನಮ್ಮಲ್ಲಿ ಯಾರಾದರೊಬ್ಬರ ಕೈಯಲ್ಲಿ ಓದಿಸುವರು. ಮಳೆಗಾಲದಲ್ಲಿ ಎಲೆ ಬಾರದೆ ಕೆಲಸ ನಿಂತಾಗ ಕಾರ್ಡು ಖಾಲಿ ಬಿಡಬಾರದೆಂದು ತಾವೇ ನಾಲ್ಕಾಣೆ ಹಾಕಿದ್ದುಂಟು. ದೊಡ್ಡ ಮನಸ್ಸೆಂದು ನಾವು ಅಂದುಕೊಳ್ಳುವಷ್ಟರಲ್ಲಿ ಮುಂದಿನ ವಾರ ಅದನ್ನು ಮರೆಯದೆ ವಸೂಲು ಮಾಡುತ್ತಿದ್ದರು.

ಈ ಪದ್ಧತಿ ಹುಟ್ಟಿದ್ದೇ ನಮ್ಮ ಜಿಲ್ಲೆಯಲ್ಲಿ. ಕಷ್ಟದಲ್ಲಿದ್ದ ಕೈಮಗ್ಗದವರಿಗೆ ನೆರವಾಗಲೆಂದು 1925ರಲ್ಲಿ ಉಡುಪಿಯಲ್ಲಿ ಟಿ.ಎಂ.ಎ. ಪೈ, ಉಪೇಂದ್ರ ಪೈ, ವಾಮನ ಕುಡ್ವ ಸೇರಿ ಆರಂಭಿಸಿದ ಕೆನರಾ ಇಂಡಸ್ಟ್ರಿಯಲ್ ಆ್ಯಂಡ್ ಬ್ಯಾಂಕಿಂಗ್ ಸಿಂಡಿಕೇಟ್ 1928ರಲ್ಲಿ ಪಿಗ್ಮಿ ಠೇವಣಿ ತಂದಿತು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು, ಬ್ಯಾಂಕಿನ ಮನುಷ್ಯ ಮನೆಬಾಗಿಲಿಗೆ ಬಂದು ಒಯ್ಯುತ್ತಾನೆ. ಅದೇ ಬ್ಯಾಂಕು ಮುಂದೆ ಸಿಂಡಿಕೇಟ್ ಬ್ಯಾಂಕಾಯಿತು, 1969ರಲ್ಲಿ ರಾಷ್ಟ್ರೀಕರಣವಾಯಿತು, 2020ರ ಏಪ್ರಿಲ್ ಒಂದರಂದು ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. ಪಿಗ್ಮಿಯನ್ನು ಬೇರೆ ಬ್ಯಾಂಕುಗಳೂ ಸೊಸೈಟಿಗಳೂ ಎಂದೋ ಎತ್ತಿಕೊಂಡಿದ್ದವು.

ಪಿಗ್ಮಿಯ ಬಗ್ಗೆ ನಮ್ಮ ಕಡೆ ಭಾವುಕರಾಗಿ ಬರೆಯುವವರು ಬಹಳ. ಕೌಂಟರಿನ ಒಳಗಡೆಯಿಂದಲೂ ಅದನ್ನು ನೋಡಿದವಳಾದ್ದರಿಂದ ನನಗೆ ಅಷ್ಟು ಭಾವುಕಳಾಗಲು ಆಗುವುದಿಲ್ಲ. ಬಡ್ಡಿ ಕಡಿಮೆ. ಅವಧಿಗೆ ಮೊದಲೇ ಮುರಿದರೆ ಇನ್ನೂ ಕಡಿಮೆ. ಅಮ್ಮನ ಎಂಟಾಣೆಗಳನ್ನು ಒಟ್ಟು ಮಾಡಿ ಬ್ಯಾಂಕು ಅದರ ಎರಡು ಮೂರು ಪಟ್ಟು ಬಡ್ಡಿಗೆ ಸಾಲ ಕೊಡುತ್ತಿತ್ತು. ಮುದಿತನಕ್ಕೆಂದು ಅದರಲ್ಲಿ ಒಂದು ಕಾಸೂ ಉಳಿಯಲಿಲ್ಲ. ಒಂದು ಸಲದ ಪಿಗ್ಮಿಯಲ್ಲಿ ಮುಳಿಹುಲ್ಲಿನ ಮಾಡು ಹೋಗಿ ಹಂಚು ಬಂತು, ಇನ್ನೊಂದರಲ್ಲಿ ಅಕ್ಕನ ಮದುವೆಯ ಅಡುಗೆ ಖರ್ಚು, ಮತ್ತೊಂದರಲ್ಲಿ ನನ್ನ ಕಾಲೇಜು.

ಅಮ್ಮ ಕೊಂಡದ್ದು ಬಡ್ಡಿಯನ್ನಲ್ಲ. ಒಂಟಿ ಹೆಂಗಸಿನ ಮನೆಯಲ್ಲಿ ಐವತ್ತು ರೂಪಾಯಿ ಒಟ್ಟಿಗೆ ಇದೆಯೆಂದು ಗೊತ್ತಾದರೆ ಸಾಕು, ಕೇಳಿಕೊಂಡು ನಾಲ್ವರು ಬರುತ್ತಿದ್ದರು: ಚಿಕ್ಕಪ್ಪ, ಭೂತದ ಕೋಲದ ವಂತಿಗೆಯವರು, ಪಕ್ಕದ ಮನೆಯ ಹೆರಿಗೆ, ಅಂಗಡಿಯ ಬಾಕಿ. ಅವರಿಗೆಲ್ಲ ಇಲ್ಲ ಎನ್ನುವುದು ಊರಿನಲ್ಲಿ ಬಾಳುವವರಿಗೆ ಆಗದ ಮಾತು. "ಪಿಗ್ಮಿಗೆ ಹಾಕಿದೆ ಮಾರಾಯ್ರೆ" ಎಂದರೆ ಮುಗಿಯಿತು, ಯಾರಿಗೂ ಬೇಸರವಿಲ್ಲ. ಈ ಸೌಕರ್ಯಕ್ಕೆ ಕಡಿಮೆ ಬಡ್ಡಿ ದುಬಾರಿ ಬೆಲೆಯಲ್ಲ ಎಂದು ಈಗ ಅನ್ನಿಸುತ್ತದೆ.

ಪಿಎಫ್ ಬಂದದ್ದು ಆಮೇಲೆ. ಬೀಡಿ ಉದ್ಯಮಕ್ಕೆ ಪಿಎಫ್ ಕಾಯ್ದೆ ಅನ್ವಯವಾದದ್ದು 1977ರಲ್ಲಿ. ಮನೆಯಲ್ಲಿ ಕೂತು ಸುತ್ತುವವರು ನಮ್ಮ ನೌಕರರೇ ಅಲ್ಲ ಎಂದು ಮಾಲೀಕರು ಕೋರ್ಟಿಗೆ ಹೋದರು. ಅವರೂ ನೌಕರರೇ ಎಂದು 1985ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಅಮ್ಮನಿಗೆ ಈ ಕೋರ್ಟಿನ ಸುದ್ದಿ ಬೇಕಿರಲಿಲ್ಲ. ಶನಿವಾರದ ಮಜೂರಿಯಲ್ಲಿ ಇಷ್ಟು ಕಡಿಮೆ ಬಂತು ಎಂಬುದಷ್ಟೇ ಅವಳಿಗೆ ಕಂಡದ್ದು. ಬ್ರಾಂಚಿನವನು ತಿನ್ನುತ್ತಾನೆ ಎಂದೇ ಅವಳ ಅನುಮಾನ. ಅಕ್ಕನ ಮದುವೆಗೆ ಅದರಿಂದ ಮುಂಗಡ ತೆಗೆಯಲು ಅಲೆದು ಅಲೆದು, ಸ್ವಲ್ಪ ಸಿಕ್ಕಾಗ "ನನ್ನದೇ ಹಣಕ್ಕೆ ಇಷ್ಟು ಸಹಿಯಾ" ಎಂದಳು. ಕಂಪನಿಯ ಪುಸ್ತಕದಲ್ಲಿ ಅವಳ ಹೆಸರು ಒಂದು ಬಗೆ, ರೇಷನ್ ಕಾರ್ಡಿನಲ್ಲಿ ಇನ್ನೊಂದು ಬಗೆ, ಹುಟ್ಟಿದ ದಿನಾಂಕವಂತೂ ಶಾಲೆಯ ಮೇಷ್ಟ್ರು ಕೊಟ್ಟ ಕಾಣಿಕೆ. ನಾನು ಬ್ಯಾಂಕಿನಲ್ಲಿ ಇರದಿದ್ದರೆ ಅದು ಸರಿಯಾಗುತ್ತಿತ್ತೋ ಇಲ್ಲವೋ.

ಅವಳಿಗೆ 58 ತುಂಬಿದಾಗ ಪಿಂಚಣಿ ಎಂದು ಬಂದದ್ದು ತಿಂಗಳಿಗೆ 500 ರೂಪಾಯಿಯೂ ಅಲ್ಲ. 1995ರ ನೌಕರರ ಪಿಂಚಣಿ ಯೋಜನೆಯ ಲೆಕ್ಕ ಸರಳ: ಪಿಂಚಣಿಗೆ ಹಿಡಿಯುವ ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸುವುದು. ಬೀಡಿಯ ಮಜೂರಿಯನ್ನು ಏನೇ ಗುಣಿಸಿದರೂ ಅಷ್ಟೇ. ಇಂದಿನ 15,000ದ ಮಿತಿಯಲ್ಲಿ 35 ವರ್ಷ ದುಡಿದವರಿಗೂ ಬರುವುದು ಏಳೂವರೆ ಸಾವಿರದ ಹತ್ತಿರ. 2014ರ ಸೆಪ್ಟೆಂಬರಿನಿಂದ ಕನಿಷ್ಠ ಪಿಂಚಣಿ 1,000 ಎಂದು ಸರ್ಕಾರ ಮಾಡಿತು. ಹತ್ತು ವರ್ಷ ಕಳೆದರೂ ಅದು ಸಾವಿರವೇ. ಇದನ್ನು ಸಾಮಾಜಿಕ ಭದ್ರತೆ ಎಂದು ಭಾಷಣ ಮಾಡುವವರನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಆದರೆ ಇನ್ನೊಂದು ಮಾತನ್ನೂ ಹೇಳಬೇಕು. ತೊಂಬತ್ತರ ದಶಕದ ಕೊನೆಗೆ ಅಮ್ಮನ ಹೆಸರಿನಲ್ಲಿ ಉಳಿದಿದ್ದ ಏಕೈಕ ಹಣ ಆ ಪಿಎಫ್. ಅವಳು ಬೈದು ಬೈದು ಕಟ್ಟಿಸಿಕೊಂಡದ್ದು. ಪ್ರೀತಿಯಿಂದ ಕಟ್ಟಿದ ಪಿಗ್ಮಿ ಮನೆಯ ಗೋಡೆ ಮಾಡುಗಳೊಳಗೆ ಸೇರಿಹೋಗಿತ್ತು.

ಅವಳ ನಂಬಿಕೆಯೆಲ್ಲ ಚಿನ್ನದ ಮೇಲೆ. ಈ ವಿಷಯದಲ್ಲಿ ನಾನು ಬ್ಯಾಂಕಿನವಳ ಗತ್ತಿನಲ್ಲಿ ವಾದಿಸುತ್ತಿದ್ದೆ, ಅವಳು ಕೇಳುತ್ತಿರಲಿಲ್ಲ. 1980ರಲ್ಲಿ ಹತ್ತು ಗ್ರಾಂಗೆ 1,300 ಚಿಲ್ಲರೆ ಇದ್ದದ್ದು 2025ರಲ್ಲಿ ಲಕ್ಷ ದಾಟಿತು. ಅವಳಿದ್ದಿದ್ದರೆ ನನ್ನ ಮುಖ ನೋಡಿ ನಗುತ್ತಿದ್ದಳು. ಮಧ್ಯೆ 1996ರಿಂದ ಐದಾರು ವರ್ಷ ಚಿನ್ನ ಏರದೆ ಸ್ವಲ್ಪ ಇಳಿದೇ ಇತ್ತು, ಅದು ಬೇರೆ. ಅಮ್ಮನ ಚಿನ್ನಕ್ಕೆ ತೊಡಕಾದದ್ದು ದರದಿಂದಲ್ಲ. ಅವಳ ಸರ ವರ್ಷದಲ್ಲಿ ಆರು ತಿಂಗಳು ಸೊಸೈಟಿಯ ತಿಜೋರಿಯಲ್ಲಿ ಅಡವಿರುತ್ತಿತ್ತು. ಏರಿದ ಬೆಲೆಯಲ್ಲಿ ದೊಡ್ಡ ಪಾಲು ಸಾಲದ ಬಡ್ಡಿಯೇ ತಿಂದಿತು. ಕೈಗೆ ಸುಲಭವಾಗಿ ಸಿಗುವ ವಸ್ತು ಅಷ್ಟೇ ಸುಲಭವಾಗಿ ಹೋಗುತ್ತದೆ.

ನಾನು ಬ್ಯಾಂಕಿಗೆ ಸೇರಿದ್ದು 1983ರಲ್ಲಿ. 1986ರಿಂದ 2000ದ ಆರಂಭದವರೆಗೆ ಪಿಪಿಎಫ್‌ಗೆ ನೂರಕ್ಕೆ 12 ಬಡ್ಡಿ, ಅದೂ ಸರ್ಕಾರದ ಖಾತ್ರಿ, ತೆರಿಗೆಯಿಲ್ಲ. ವರ್ಷಕ್ಕೆ ಸಾವಿರದಂತೆ ಹದಿನೈದು ವರ್ಷ ಕಟ್ಟಿದವರಿಗೆ 40,000ದ ಆಸುಪಾಸು ಬಂತು. ನಮ್ಮ ತಲೆಮಾರಿನವರು ಈಗ ಮಕ್ಕಳ ಮುಂದೆ ಕೂತು "ನಾವು ಹೇಗೆ ಉಳಿಸಿದೆವು ನೋಡಿ" ಎಂದು ಎದೆಯುಬ್ಬಿಸುತ್ತೇವೆ. ನಮ್ಮ ಜಾಣತನಕ್ಕಿಂತ ಆ ಹನ್ನೆರಡರದ್ದೇ ಹೆಚ್ಚು ಪಾಲು. ಬೆಲೆಗಳೂ ಆಗ ಹಾಗೇ ಓಡುತ್ತಿದ್ದವು. 2020ರ ಏಪ್ರಿಲಿನಿಂದ ಅದೇ ಪಿಪಿಎಫ್‌ಗೆ 7.1. ಮಕ್ಕಳು ಅದರಲ್ಲಿ ಮಾತ್ರ ನಂಬಿಕೆ ಇಡುವುದಿಲ್ಲ ಎಂದರೆ ಅವರನ್ನು ಬೈಯುವುದು ಹೇಗೆ?

ಬಡ್ಡಿಯ ಈ ಭ್ರಮೆ ಎಷ್ಟು ಬಲವಾಗಿತ್ತೆಂದರೆ ಬ್ಯಾಂಕಿನವರಾದ ನಾವೇ ಅದರಲ್ಲಿ ಮುಳುಗಿದ್ದೆವು. 1995ರಲ್ಲಿ ಬ್ಯಾಂಕ್ ನೌಕರರಿಗೆ ಪಿಂಚಣಿ ಯೋಜನೆ ಬಂತು. ಬೇಕಾದವರು ಬ್ಯಾಂಕಿನ ಪಾಲಿನ ಪಿಎಫ್ ಬಿಟ್ಟುಕೊಟ್ಟು ಪಿಂಚಣಿ ಆರಿಸಿಕೊಳ್ಳಬಹುದು, ಬೇಡದವರು ನಿವೃತ್ತಿಯಲ್ಲಿ ಗಂಟು ಹಣ ಒಯ್ಯಬಹುದು. ನಮ್ಮ ಬ್ರಾಂಚಿನ ಹಿರಿಯ ಗುಮಾಸ್ತರೊಬ್ಬರು, ಲೆಕ್ಕದಲ್ಲಿ ಅವರನ್ನು ಮೀರಿಸುವವರಿಲ್ಲ, ಊಟದ ಬಿಡುವಿನಲ್ಲಿ ಚಲನ್ನಿನ ಹಿಂಬದಿಯಲ್ಲಿ ಬರೆದು ತೋರಿಸಿದರು. ಠೇವಣಿಗೆ ಆಗ 12-13 ಬಡ್ಡಿ. ಗಂಟನ್ನು ಎಫ್‌ಡಿ ಇಟ್ಟರೆ ತಿಂಗಳ ಬಡ್ಡಿಯೇ ಪಿಂಚಣಿಗಿಂತ ಜಾಸ್ತಿ, ಅಸಲು ಮಕ್ಕಳಿಗೆ ಉಳಿಯುತ್ತದೆ. ಅವರ ಗುಣಾಕಾರದಲ್ಲಿ ಒಂದು ಅಂಕಿಯೂ ತಪ್ಪಿರಲಿಲ್ಲ. ಸುಮಾರು ಜನ ಅವರ ಹಿಂದೆ ಹೋದರು.

2003ರ ಹೊತ್ತಿಗೆ ಬಡ್ಡಿ ಐದೂವರೆಗೆ ಬಂದು ನಿಂತಿತು. ಅಷ್ಟರಲ್ಲಿ ಅವರ ಗಂಟಿನ ಮುಕ್ಕಾಲು ಪಾಲು ಮಗನ ಮನೆಯ ಸ್ಲ್ಯಾಬಿಗೆ ಹೋಗಿತ್ತು. ಉಳಿದದ್ದರ ಬಡ್ಡಿ ತೆಗೆದುಕೊಳ್ಳಲು ಬಂದಾಗ ಕೌಂಟರಿನ ಈಚೆ ನಿಂತು, ಆಚೆಯಿದ್ದ ಹುಡುಗನಿಗೆ ಬಡ್ಡಿಯ ಲೆಕ್ಕ ಹೇಳಿಕೊಡುತ್ತಿದ್ದರು. 2010ರಲ್ಲಿ ಪಿಂಚಣಿಗೆ ಎರಡನೆಯ ಅವಕಾಶ ಸಿಕ್ಕಿತು. ನಿವೃತ್ತರಾದವರು ಪಡೆದಿದ್ದ ಬ್ಯಾಂಕಿನ ಪಾಲನ್ನು ಮರಳಿಸಿ, ಅದರ ಮೇಲೆ ಇನ್ನೊಂದು ದೊಡ್ಡ ಮೊತ್ತ ಸೇರಿಸಿ ಕಟ್ಟಬೇಕಿತ್ತು. ಅವರು ಸೊಸೆಯ ಚಿನ್ನ ಅಡವಿಟ್ಟು ಕಟ್ಟಿದರು. ಆಮೇಲಿನ ಅವರ ಬದುಕು ನೆಮ್ಮದಿಯದ್ದು. ಹೊಸದಾಗಿ ಸೇರುವವರಿಗೆ ಅದೇ ವರ್ಷದ ಏಪ್ರಿಲಿನಿಂದ ಆ ಪಿಂಚಣಿಯೇ ಇಲ್ಲ, ಎನ್‌ಪಿಎಸ್. ರಾಜ್ಯ ಸರ್ಕಾರದಲ್ಲಿ 2006ರ ಏಪ್ರಿಲಿನಿಂದ ಸೇರಿದವರದ್ದೂ ಅದೇ ಪಾಡು. ಅವರ ಹೋರಾಟದ ಸುದ್ದಿ ಓದುವಾಗೆಲ್ಲ ನನಗೆ ಆ ಚಲನ್ನಿನ ಹಿಂಬದಿ ಕಾಣುತ್ತದೆ.

ಕೌಂಟರಿನಲ್ಲಿ ಕೂತು ಇನ್ನೂ ಏನೇನೋ ಕಂಡೆ. ತೊಂಬತ್ತರ ನಡುವಿನಲ್ಲಿ ತೇಗದ ತೋಪಿನ ಕಂಪನಿಗಳ ಬಣ್ಣದ ಕರಪತ್ರ ಹಿಡಿದುಕೊಂಡು ಬಂದು ಎಫ್‌ಡಿ ಮುರಿಸಿದವರು. ಇಪ್ಪತ್ತು ವರ್ಷ ಬಿಟ್ಟು ಒಂದು ಗಿಡಕ್ಕೆ ಲಕ್ಷವೆಂದು ಅವರಿಗೆ ಹೇಳಿದ್ದರಂತೆ. 24 ಬಡ್ಡಿಯ ಫೈನಾನ್ಸುಗಳು. ಹೊರಗಿನವರದ್ದು ಹಾಗಾಯಿತು, ನಮ್ಮದೇನು? 2005ರ ಈಚೆಗೆ ವಿಮೆಯ ಯುಲಿಪ್ ಪಾಲಿಸಿ ಮಾರಲು ಬ್ಯಾಂಕಿನವರಿಗೇ ಟಾರ್ಗೆಟ್ ಬಂತು. ಎಫ್‌ಡಿ ನವೀಕರಿಸಲು ಬಂದ ಹಿರಿಯರಿಗೆ "ಇದೂ ಎಫ್‌ಡಿಯ ಹಾಗೆಯೇ" ಎಂದು ಹೇಳುವುದನ್ನು ಪಕ್ಕದ ಮೇಜಿನಲ್ಲಿ ಕೂತು ಕೇಳಿದ್ದೇನೆ. ಮೊದಲ ವರ್ಷದ ಕಂತಿನಲ್ಲಿ ಎಷ್ಟು ಕಮಿಷನ್ನಿಗೆ ಹೋಗುತ್ತಿತ್ತು ಎಂಬುದು ಕೊಂಡವರಿಗೆ ತಿಳಿಯುತ್ತಿರಲಿಲ್ಲ. 2010ರ ಸೆಪ್ಟೆಂಬರಿನಲ್ಲಿ ವಿಮಾ ನಿಯಂತ್ರಕರು ಆ ಖರ್ಚುಗಳಿಗೆ ಮಿತಿ ಹಾಕಿದ ಮೇಲೆ ಮಾರುವವರ ಉತ್ಸಾಹ ತಾನಾಗಿ ಇಳಿಯಿತು. ಪಿಗ್ಮಿಯವರಿಗೂ ಕಮಿಷನ್ ಇತ್ತು. ಆದರೆ ಅವರು ಮರುದಿನ ಅದೇ ಜಗಲಿಗೆ ಬರಬೇಕಿತ್ತು.

ಇಷ್ಟೆಲ್ಲ ತಲೆಯಲ್ಲಿ ಓಡುತ್ತಿರುವಾಗ ಹುಡುಗಿಗೆ ನಾನು ಹೇಳಿದ್ದು ಒಂದೇ: ಪೂರ್ತಿ ಬೇಸಿಕ್ಕಿಗೆ ಹಾಕು. ಆ 3,600 ಮೂವತ್ತು ವರ್ಷ ಪಿಎಫ್‌ನಲ್ಲಿ ಬೆಳೆದರೆ, ಬಡ್ಡಿ 8ರ ಲೆಕ್ಕದಲ್ಲಿ, 53 ಲಕ್ಷ ಚಿಲ್ಲರೆ. ಅವಳು ಅಷ್ಟೇ ಬೇಗ ಮರುಮಾತು ಹೇಳಿದಳು: ಬೆಲೆ ವರ್ಷಕ್ಕೆ ನೂರಕ್ಕೆ ಆರು ಏರಿದರೆ ಆಗಿನ 53 ಲಕ್ಷ ಈಗಿನ ಒಂಬತ್ತು ಲಕ್ಷದಷ್ಟೇ ಅಲ್ಲವಾ? ಹೌದು. ನಮ್ಮ ಹಿರಿಯ ಗುಮಾಸ್ತರೂ ಮಾಡದ ಲೆಕ್ಕ. ಅದೇ ಹಣವನ್ನು ಇಂಡೆಕ್ಸ್ ಫಂಡಿಗೆ ಹಾಕುತ್ತಾಳಂತೆ. ಯಾವ ಷೇರು ಎಂದು ಯಾರೂ ಆರಿಸುವುದಿಲ್ಲ, ನಿಫ್ಟಿಯ ಐವತ್ತು ಕಂಪನಿಗಳು ಇದ್ದ ಹಾಗೆ ಕೊಳ್ಳುವುದು, ಆದ್ದರಿಂದ ಖರ್ಚು ಕಡಿಮೆ. ಖರ್ಚಿನ ಮಾತಿನಲ್ಲಿ ಅವಳದ್ದೇ ಸರಿ. ಉದಾಹರಣೆಗೆ, ತಿಂಗಳಿಗೆ 5,000 ಮೂವತ್ತು ವರ್ಷ ಕಟ್ಟಿ, ವರ್ಷಕ್ಕೆ 11 ಬಂದರೆ 1 ಕೋಟಿ 40 ಲಕ್ಷ. ಖರ್ಚಿಗೆಂದು ಅದರಲ್ಲಿ ಒಂದು ಹೋಗಿ 10 ಬಂದರೆ 1 ಕೋಟಿ 13 ಲಕ್ಷ. ಆ ಒಂದಕ್ಕೆ 27 ಲಕ್ಷ. ಹನ್ನೊಂದು ಬಂದೇ ಬರುತ್ತದೆಂದು ಯಾರೂ ಬರೆದುಕೊಡುವುದಿಲ್ಲ, ಕಮಿಷನ್ ಮಾತ್ರ ಬಂದರೂ ಬಾರದಿದ್ದರೂ ಹೋಗುತ್ತದೆ.

"ಬಿದ್ದರೆ?" ಎಂದೆ. 2008ರ ಜನವರಿಯಲ್ಲಿ 21,000 ಮುಟ್ಟಿದ್ದ ಸೆನ್ಸೆಕ್ಸ್ ಅಕ್ಟೋಬರಿನಲ್ಲಿ 8,000ದ ಕೆಳಗೆ ಇಣುಕಿತ್ತು. 2020ರಲ್ಲಿ ಎರಡೇ ತಿಂಗಳಲ್ಲಿ 42,000ದಿಂದ 26,000ಕ್ಕೆ. ಇವು ಅವಳು ಓದಿದ ಅಂಕಿಗಳು, ನಾನು ಕಂಡ ಮುಖಗಳು. ಹೆಚ್ಚಿನವರ ಹಣ ಹೋದದ್ದು ಬಿದ್ದದ್ದರಿಂದಲ್ಲ, ಬಿದ್ದ ದಿನ ಹಿಂದೆಗೆದದ್ದರಿಂದ. ಫಂಡಿಗೆ ತಿಂಗಳು ತಿಂಗಳು ಕಟ್ಟುವ ಎಸ್‌ಐಪಿಯೂ ಒಂದು ಬಗೆಯ ಪಿಗ್ಮಿಯೇ, ಸಂಬಳದ ಮರುದಿನ ತಾನಾಗಿ ಬಂದು ಒಯ್ಯುತ್ತದೆ. ಆದರೆ ಅದನ್ನು ನಿಲ್ಲಿಸಲು ಫೋನಿನ ಮೇಲೆ ಹೆಬ್ಬೆರಳು ಒತ್ತಿದರೆ ಸಾಕು, ಜಗಲಿಯಲ್ಲಿ ನಿಂತವರ ಮುಖ ನೋಡಿ ಇಲ್ಲವೆನ್ನುವ ಸಂಕೋಚವಿಲ್ಲ. ಪಿಎಫ್ ತೆಗೆಯಲು ಅಮ್ಮ ಅಲೆದಳಲ್ಲ, ಆ ಅಲೆದಾಟದಿಂದಲೇ ಅದು ಉಳಿದದ್ದು. ಇದನ್ನು ಇಪ್ಪತ್ತನಾಲ್ಕರ ಹುಡುಗಿಗೆ ಒಪ್ಪಿಸುವುದು ಕಷ್ಟ. 1,800ಕ್ಕೇ ಟಿಕ್ ಹಾಕಿದಳು. ಉಳಿದದ್ದಕ್ಕೆ ಎಸ್‌ಐಪಿ ಬರೆದುಕೊಟ್ಟಿದ್ದೇನೆ ಎಂದು ಸ್ಕ್ರೀನ್‌ಶಾಟ್ ಕಳಿಸಿದ್ದಾಳೆ. ಬೆಂಗಳೂರಿನ ಬಾಡಿಗೆಯ ಅಡ್ವಾನ್ಸ್ ಕಟ್ಟುವ ತಿಂಗಳು ಅದು ನಿಲ್ಲದಿದ್ದರೆ ಅವಳೇ ಗೆದ್ದಳು ಎಂದುಕೊಳ್ಳುತ್ತೇನೆ.

ಪಿಗ್ಮಿಯವರದ್ದು ಹೇಳುವುದು ಉಳಿಯಿತು. ಊರಿನವರ ಉಳಿತಾಯವನ್ನೆಲ್ಲ ಹೊತ್ತವರಿಗೆ ಪಿಎಫ್ ಇರಲಿಲ್ಲ, ಪಿಂಚಣಿ ಇರಲಿಲ್ಲ. ಸಂಗ್ರಹಿಸಿದ ನೂರಕ್ಕೆ ಮೂರೋ ಮೂರೂವರೆಯೋ ಕಮಿಷನ್, ನಡೆಯದ ದಿನ ಅದೂ ಇಲ್ಲ. ಬ್ಯಾಂಕುಗಳ ದೃಷ್ಟಿಯಲ್ಲಿ ಅವರು ನೌಕರರಲ್ಲ, ಏಜೆಂಟರು. ಬೀಡಿಯ ಮಾಲೀಕರು ಅಮ್ಮನ ಬಗ್ಗೆ ಹೇಳಿದ್ದೂ ಹೆಚ್ಚುಕಡಿಮೆ ಅದನ್ನೇ. ಠೇವಣಿ ಸಂಗ್ರಾಹಕರು ಕಾರ್ಮಿಕರೇ ಎಂದು ಸುಪ್ರೀಂ ಕೋರ್ಟು 2001ರ ಫೆಬ್ರವರಿಯಲ್ಲಿ ತೀರ್ಪು ಕೊಟ್ಟಿತು. ಕಾಯಂ ನೌಕರರ ಸಂಬಳ ಕೊಡಿಸಲಿಲ್ಲ, ಗ್ರಾಚ್ಯುಟಿಯಂಥ ಒಂದಿಷ್ಟು ದೊರೆಯಿತು.

ಎಪ್ಪತ್ತರ ಹತ್ತಿರದಲ್ಲಿ ಅವರು ಚೀಲ ಕೆಳಗಿಟ್ಟರು. ಗ್ರಾಚ್ಯುಟಿಯ ಚೆಕ್ಕು ಹಿಡಿದು ನನ್ನ ಮೇಜಿಗೆ ಬಂದು, ಜೀವನದಲ್ಲಿ ಮೊದಲ ಸಲ ನನ್ನೆದುರು ಕೂತರು. ಹಿರಿಯ ನಾಗರಿಕರ ಉಳಿತಾಯ ಯೋಜನೆ ಆಗಷ್ಟೇ, 2004ರಲ್ಲಿ, ಬಂದಿತ್ತು. ನಮ್ಮ ಠೇವಣಿಗೆ ಆರೂ ಇಲ್ಲದಾಗ ಅದಕ್ಕೆ ಒಂಬತ್ತು, ಮೂರು ತಿಂಗಳಿಗೊಮ್ಮೆ ಬಡ್ಡಿ ಕೈಗೆ. ಅಂಚೆ ಕಚೇರಿಗೆ ಹೋಗಿ ಎಂದೆ. ಅವರು ಎಲ್ಲ ಕೇಳಿಸಿಕೊಂಡು, "ಮೊದಲು ನನಗೊಂದು ಪಿಗ್ಮಿ ಮಾಡಿಸಿ ಅಮ್ಮ" ಎಂದರು. ಅವರ ಹಾದಿ ಹಿಡಿದಿದ್ದ ಹೊಸ ಹುಡುಗನಿಗೆ ತಿಂಗಳ ಮೊತ್ತ ಸಾಲುತ್ತಿರಲಿಲ್ಲವಂತೆ. ದಿನಕ್ಕೆ ಐವತ್ತು ತನ್ನದೂ ಇರಲಿ ಎಂದು. ಪಿಗ್ಮಿಯ ಬಡ್ಡಿ ಎಷ್ಟೆಂದು ಅವರಿಗೆ ನಾನು ಹೇಳಬೇಕೇ? ಫಾರ್ಮು ತುಂಬಿಸಿದೆ.

ಉಳಿದ ಹಣ ಅಂಚೆ ಕಚೇರಿ ಸೇರಲು ಮತ್ತೂ ಕೆಲವು ವಾರ ಹಿಡಿಯಿತು. ನಾಮಿನಿಯ ಜಾಗದಲ್ಲಿ ಹೆಂಡತಿಯ ಹೆಸರೋ ಮಗನ ಹೆಸರೋ ಎಂದು ಅವರ ಮನೆಯಲ್ಲಿ ಜಗಳವಾಗಿತ್ತು. ಹೆಂಡತಿಯದ್ದೇ ಹಾಕಿಸಿದೆವು.